ಗೌತ್ಯಾ ಬೇಡವೆಂದ ಗೆಲುವು

ನನ್ನ ಎಡಗೈಯ ಕಿರುಬೆರಳು ಕೊಂಚ ಸೊಟ್ಟ. ನೀರಿನ ತಂಬಿಗೆ ಎತ್ತಿದರೆ ಉಳಿದ ಬೆರಳುಗಳೆಲ್ಲ ಕೂಡಿ ಹಿಡಿಯುತ್ತವೆ, ಇದೊಂದು ಮಾತ್ರ ಮುನಿಸಿಕೊಂಡ ಅಳಿಯನಂತೆ ದೂರ ನಿಲ್ಲುತ್ತದೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ. ಎಪ್ಪತ್ತರ ದಶಕದಲ್ಲಿ, ನಮ್ಮೂರು ಸಂಪಗಾಂವದ ಹುತುತು ಅಂಗಳದಲ್ಲಿ, ಗೆಳೆಯ ಗೌತ್ಯಾನ ಬೆರಳಿಗೆ ಬೆರಳು ಹೆಣೆದು ಸರಪಳಿ ಕಟ್ಟಿ ನಿಂತಾಗ ಆದ ಸೊಟ್ಟು ಅದು.

ಈಗಿನವರು ಕಬಡ್ಡಿ ಎನ್ನುವುದು ನಮಗೆ ಹುತುತು. ಒಂದೇ ಉಸಿರಿನಲ್ಲಿ ಹುತುತು ಎನ್ನುತ್ತ ಎದುರಾಳಿಗಳ ಅಂಗಳಕ್ಕೆ ನುಗ್ಗಬೇಕು, ಮುಟ್ಟಬೇಕು, ಹಿಡಿದವರಿಂದ ಕೊಸರಿಕೊಂಡು ಆ ಉಸಿರು ಮುಗಿಯುವುದರೊಳಗೆ ನಡುಗೆರೆಗೆ ಮರಳಬೇಕು. ನಾವೆಲ್ಲ ಆಡುತ್ತಿದ್ದೆವು, ಗೌತ್ಯಾನಿಗೆ ಅದು ಒಲಿದಿತ್ತು. ಅವರಪ್ಪ ಬೌದ್ಧಧರ್ಮ ಸ್ವೀಕರಿಸಿದ ಮೇಲೆ ಹುಟ್ಟಿದ ಮಗನಾದ್ದರಿಂದ ಇಟ್ಟ ಹೆಸರು ಗೌತಮ, ಕರೆಯಲಿಕ್ಕೆ ಗೌತ್ಯಾ. ನಮ್ಮದೋ ಪಂಚಾಂಗ ಹೇಳುವ ಮನೆತನ. ಆಟ ಮುಗಿಸಿ ಬಂದರೆ ಮೈಲಿಗೆಯಾಯಿತೆಂದು ಅಜ್ಜಿ ಹಿತ್ತಲಲ್ಲಿ ನಿಲ್ಲಿಸಿ ನೆತ್ತಿಯ ಮೇಲೆ ತಣ್ಣೀರು ಸುರಿಯುತ್ತಿದ್ದಳು. ನಾನು ಮರುದಿನ ಮತ್ತೆ ಹೋಗುತ್ತಿದ್ದೆ. ಯಾರು ಮೊದಲು ದಣಿಯುತ್ತಾರೆ ಎಂಬುದಷ್ಟೇ ಪ್ರಶ್ನೆ, ಅಜ್ಜಿ ದಣಿದಳು.

ಆ ಗೌತ್ಯಾ ಹೋದ ತಿಂಗಳು ತೀರಿಕೊಂಡ. ಬೈಲಹೊಂಗಲದ ಅವನ ಮನೆಗೆ ಮಾತನಾಡಿಸಿಕೊಂಡು ಬರಲು ಹೋದರೆ, ಪಡಸಾಲೆಯಲ್ಲಿ ರುದ್ರಪ್ಪ ಕುಳಿತಿದ್ದ. ಸವದತ್ತಿ ಕಡೆಯ ಒಂದೂರಿನ ಪರವಾಗಿ ನಮ್ಮೆದುರು ಆಡಿದವನು. ಊರಿನ ಹೆಸರು ಬೇಡ, ಈಗ ಅಲ್ಲಿ ನಮ್ಮ ಬೀಗರಿದ್ದಾರೆ. ಗೌತ್ಯಾನ ಮಗಳು ಸುಜಾತಾ ಚಹಾ ಕೊಡುತ್ತಿದ್ದಳು. ಯಾರೋ ಅವಳಪ್ಪನ ಆಟವನ್ನು ಹೊಗಳಿದರು. ರುದ್ರಪ್ಪ ಬಸಿಯಲ್ಲಿದ್ದ ಚಹಾ ಸೊರ್ರೆಂದು ಹೀರಿ, “ಛಲೋ ಆಡತಿದ್ದ, ಇಲ್ಲನ್ನೂದಿಲ್ಲ. ಆದ್ರ ಆಗಿನ ಕಾಲದಾಗ ಅಂವನ್ನ ಮುಟ್ಟಿ ಹಿಡಿಯಾಕ ಯಾರ ಹೋಗತಿದ್ರರೀ? ಬಿಟ್ಟ ಬಿಡತಿದ್ವಿ, ಗೆದ್ದ ಬರತಿದ್ದ” ಎಂದು ನಕ್ಕ.

ಸುಜಾತಾಳ ಕೈಯಲ್ಲಿಯ ತಾಟು ಅಲ್ಲೇ ನಿಂತಿತು.

ಗೆಳೆಯರೇ, ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆನ್ನುತ್ತಾರೆ. ಆ ಉಪಚಾರ ನನಗೆ ಬೇಡ. ಖರೆ ಆಡಿದರೆ ಸಾಕು. ಬದುಕಿದ್ದಾಗ ಮನುಷ್ಯನನ್ನು ಮುಟ್ಟದೆ ದೂರವಿಟ್ಟ ಜನ, ಅವನು ಹೋದ ಮೇಲೆ ಆ ದೂರವನ್ನೇ ತಾವು ಮಾಡಿದ ಉಪಕಾರವೆಂಬಂತೆ ಹೇಳಿಕೊಂಡು, ಅವನ ತೋಳಿನ ಕಸುವನ್ನೂ ಎದೆಯ ಉಸಿರನ್ನೂ ಕಸಿದುಕೊಳ್ಳುವುದನ್ನು ನಾನು ಚಹಾ ಕುಡಿಯುತ್ತ ಕೇಳಲಾರೆ. ಬಸಿ ಕೆಳಗಿಟ್ಟೆ. ಅಲ್ಲೇ, ಎಲ್ಲರೆದುರು, ಆ ದಿನದ ಕತೆ ತೆಗೆದೆ.

ಅಂದು ರುದ್ರಪ್ಪನ ಊರಲ್ಲೇ ಪಂದ್ಯ. ಗೌತ್ಯಾ ಹುತುತು ಎನ್ನುತ್ತ ಒಳಹೊಕ್ಕರೆ ಅವರು ಹಿಡಿಯುವುದಿರಲಿ, ಮೈ ತಾಕೀತೆಂದು ಹಿಂದೆ ಹಿಂದೆ ಸರಿದು ತಾವಾಗಿಯೇ ಗೆರೆ ದಾಟಿ ಔಟಾದರು. ಎರಡನೆಯ ಸಲವೂ ಹಾಗೆಯೇ. ನಾವು ಕುಣಿದಾಡಿದೆವು. ಮೂರನೆಯ ಸಲ ಗೌತ್ಯಾ ಅವರ ಅಂಗಳದ ನಟ್ಟನಡುವೆ ನಿಂತು, ಬೇಕೆಂದೇ ಉಸಿರು ಬಿಟ್ಟ. ಆಟದ ನಿಯಮದಂತೆ ತಾನೇ ಔಟಾದ.

“ಏ, ತಲಿ ಕೆಟ್ಟೈತೇನಲೇ?” ಎಂದು ನಮ್ಮವರು ಚೀರಿದರು.

ಅವನು ತೀರ್ಪು ಕೊಡುವ ಪಂಚರ ಕಡೆ ತಿರುಗಿ, “ಓಡಿ ಹೋಗವರ ಮ್ಯಾಲಿನ ಗೆಲುವು ನನಗ ಬ್ಯಾಡರಿ. ಹಿಡೀತೇವಿ ಅಂದ್ರ ಆಡತೇನಿ. ಇಲ್ಲಾಂದ್ರ ನಾವ ಸೋತ್ವಿ ಅಂತ ಸಾರ್ರಿ” ಎಂದ.

ಸೋಲು ಅವನೊಬ್ಬನದಾಗಿರಲಿಲ್ಲ, ನಮ್ಮೆಲ್ಲರದು. ಆದರೂ ನಮ್ಮಲ್ಲಿ ಒಬ್ಬರೂ ಅದು ಬೇಡವೆನ್ನಲಿಲ್ಲ. ಆ ಬಗ್ಗೆ ನನಗೆ ಇಂದಿಗೂ ಹೆಮ್ಮೆ. ಅಷ್ಟರಲ್ಲಿ ಗೋಡೆಯ ಮೇಲೆ ಕುಳಿತ ಅವರೂರಿನದೇ ಒಬ್ಬ ಮುದುಕಿ ಒದರಿದಳು: “ಹಿಡೀರೋ ಗಂಡಸಮಕ್ಕಳ್ರಾ! ಮುಟ್ಟಿದ್ದಕ್ಕ ಜಳಕಾ ಮಾಡೀರಂತ, ಬಾವ್ಯಾಗ ನೀರ ಅದಾವು. ಓಡಿದ್ದ ಯಾ ನೀರಿಗಿ ತೊಳೀತೈತಿ?”

ಜನ ಹೋ ಎಂದು ನಕ್ಕಿತು. ಆ ನಗೆಯೇ ಅವರನ್ನು ಅಂಗಳದಲ್ಲಿ ಕಟ್ಟಿಹಾಕಿತು.

ಪಂಚರು ಆ ಔಟನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಗೌತ್ಯಾ ಮತ್ತೆ ಹೋದಾಗ ಅಂಗಳದಲ್ಲಿ ಉಳಿದಿದ್ದ ಐದಾರು ಮಂದಿ ಒಮ್ಮೆಲೇ ಮೇಲೆ ಬಿದ್ದರು. ಕಾಲಿಗೊಬ್ಬ, ತೋಳಿಗೊಬ್ಬ, ನಡುವಿಗೊಬ್ಬ. ಧೂಳಿನಲ್ಲಿ ಅವನು ಕಾಣಲೇ ಇಲ್ಲ. ಹುತುತು ಎಂಬ ದನಿ ಮಾತ್ರ ದಾರದಷ್ಟು ಸಣ್ಣಗಾಗಿ, ಆದರೆ ಹರಿಯದೆ, ನಮ್ಮತ್ತ ತೆವಳಿಕೊಂಡು ಬಂತು. ಹೊತ್ತ ಹೆಣಭಾರದ ಸಮೇತ ಅವನ ಬೆರಳು ನಡುಗೆರೆಯನ್ನು ಮುಟ್ಟಿತು. ಆ ಬೆರಳ ಕೆಳಗೆ ಆ ಊರಿನ ಪೂರಾ ತಂಡವೇ ಸೋತು ಬಿದ್ದಿತ್ತು.

ಕತೆ ಮುಗಿಸಿ ರುದ್ರಪ್ಪನತ್ತ ತಿರುಗಿದೆ. “ಅವತ್ತ ನಡಾ ಹಿಡದಿದ್ದಂವ ಯಾರೋ ಮಾರಾಯಾ? ಹೇಳ.”

ಅವನು ಬಸಿ ಕೆಳಗಿಟ್ಟ. ಸುಜಾತಾ ಅವನೆದುರಿಗೆ ಬಂದು ನಿಂತಳು.

“ನೀವ ಹಿಡದಿದ್ರೇನ್ರಿ, ಕಾಕಾ?”

“ಹೂಂ, ನಾನ ಹಿಡದಿದ್ನೆವಾ.”

“ಸಡ್ಲ ಹಿಡದಿದ್ರಿ?”

ರುದ್ರಪ್ಪ ತನ್ನೆರಡು ಅಂಗೈಗಳನ್ನು ಒಂದು ಸಲ ನೋಡಿಕೊಂಡ. “ಇಲ್ಲವಾ. ಉಡದಂಗ ಹಿಡದಿದ್ನಿ. ಇದ್ದ ಬಿದ್ದ ಕಸುವೆಲ್ಲಾ ಹಾಕಿದ್ನಿ.”

“ಮತ್ತ?”

“ನಿಲ್ಲಲಿಲ್ಲ ಅಂವ.”

“ಜೋರಾಗಿ ಹೇಳ್ರಿ,” ಅಂದಳು ಹುಡುಗಿ. “ಹೊರಗ ಕಟ್ಟಿಮ್ಯಾಲೆ ಕುಂತವರಿಗೂ ಕೇಳಲಿ.”

ಅವನು ಹೇಳಿದ.