ಹದಿಮೂರು ಜೊತೆ ಪಕ್ಕೆಲುಬು

ಮಾಂಸದ ಕಾರ್ಖಾನೆಯಲ್ಲಿ ಮೂಳೆ ಬಿಡಿಸುವ ಕೆಲಸ ಎಂದರೆ ಕೇಳಿದವರು ಮುಖ ಸಿಂಡರಿಸುತ್ತಾರೆ. ತಿನ್ನುವಾಗ ಮಾತ್ರ ಯಾರ ಮುಖವೂ ಸಿಂಡರಿಸುವುದಿಲ್ಲ. ಅವಳು ಆ ಕೆಲಸವನ್ನು ಹತ್ತೊಂಬತ್ತು ವರ್ಷ ಮಾಡಿದವಳು. ತಲೆಯ ಮೇಲಿನ ಸರಪಳಿಗೆ ಕೊಕ್ಕೆ, ಕೊಕ್ಕೆಗೆ ಚರ್ಮ ಸುಲಿದ ದನದ ಅರ್ಧ ದೇಹ, ಅದರ ಹಿಂದೆ ಇನ್ನೊಂದು. ಎಡಗೈಗೆ ಉಕ್ಕಿನ ಬಲೆಯ ಗವಸು, ಬಲಗೈಯಲ್ಲಿ ಚಾಕು. ಭುಜದ ಕೀಲಿನ ಸಂದಿಗೆ ತುದಿ ತೂರಿಸಿ ಒಂದು ತಿರುವು, ಒಂದು ಎಳೆತ. ಟಪ್ ಎಂದು ಕಾಲು ಕೈಗೆ ಬರುತ್ತದೆ. ಒಮ್ಮೆ ಪಕ್ಕದ ಮೇಜಿನವನ ಹೆಬ್ಬೆರಳು ತುಂಡಾಗಿ ಅವಳ ಟ್ರೇಗೆ ಬಂದು ಬಿದ್ದಿತ್ತು. ಅವಳು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮಂಜುಗಡ್ಡೆಯಲ್ಲಿಟ್ಟು, ಕಿರುಚುತ್ತಿದ್ದವನ ಕೈಯನ್ನು ತನ್ನ ಏಪ್ರನ್ನಿನಿಂದ ಬಿಗಿದು ಕಟ್ಟಿ ಕಳಿಸಿದಳು. ಆಮೇಲೆ ಚಾಕು ತೊಳೆದುಕೊಂಡು ಮುಂದಿನ ದೇಹದ ಮುಂದೆ ನಿಂತಳು. ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಅಕ್ಕ. ನಾವೂ ಹಾಗೆಯೇ ಕರೆಯೋಣ.

ಇಂಥ ಅಕ್ಕನಿಗೆ ಪುಸ್ತಕದ ಹುಚ್ಚು ಹಿಡಿದದ್ದು ಒಂದು ಕೊಕ್ಕೆಯಿಂದ. ಸರಪಳಿ ಕಡಿದು, ಕೊಕ್ಕೆ ಹಾರಿ ಬಂದು ಅವಳ ಮಂಡಿಚಿಪ್ಪನ್ನು ಪುಡಿ ಮಾಡಿತು. ಎರಡು ತಿಂಗಳು ಹಾಸಿಗೆ. ಮದುವೆ, ಮಕ್ಕಳು ಎಂಬ ತಾಪತ್ರಯ ಇಲ್ಲದವಳು, ಟೀವಿ ಕಂಡರಾಗದು. ಫೋನಿನಲ್ಲಿ ಇ-ಪುಸ್ತಕ ಹುಡುಕಿದಳು. ದೊಡ್ಡ ಅಂಗಡಿಗಳು ಎಲ್ಲಿ ಒತ್ತಿದರೂ ಅವೇ ಹತ್ತು ಪುಸ್ತಕಗಳನ್ನು ಮುಖಕ್ಕೆ ಹಿಡಿದವು. ಒಂದು ಪುಕ್ಕಟೆ ಕಥೆಯ ಕೆಳಗೆ ಯಾರೋ ಓದುಗ, "ಇದು ಹಿಡಿಸಿದ್ರೆ ಈ ಪುಟ್ಟ ಪ್ರಕಾಶನದ ಪುಟಕ್ಕೆ ಹೋಗಿ, ಇನ್ನೂ ಭಯಂಕರವಾದದ್ದಿದೆ" ಎಂದು ಬರೆದಿದ್ದ. ಹೋದಳು. ಅಲ್ಲಿಂದ ಇನ್ನೊಬ್ಬ ಓದುಗನ ಶಿಫಾರಸು, ಅಲ್ಲಿಂದ ಇನ್ನೊಂದು ಪ್ರಕಾಶನ. ಒಬ್ಬ ಅಂಚೆ ನೌಕರ ಬಿಡುವಿನಲ್ಲಿ ನಡೆಸುವುದು, ಗಂಡ ಹೆಂಡತಿ ಅಡುಗೆಮನೆಯ ಮೇಜಿನ ಮೇಲೆ ನಡೆಸುವುದು, ಹೀಗೆ. ಸತ್ತವರು ಕೆಲಸಕ್ಕೆ ಬರುವ ಊರು, ಎರಡು ಸೂರ್ಯರ ಗ್ರಹ, ಕಾಲವನ್ನೇ ಕದಿಯುವ ಕಳ್ಳರು. ಮಂಡಿ ವಾಸಿಯಾಯಿತು, ಹುಚ್ಚು ವಾಸಿಯಾಗಲಿಲ್ಲ.

ಆಮೇಲೆ ಅವಳೂ ಓದುಗರ ತಾಣದಲ್ಲಿ ಶಿಫಾರಸು ಬರೆಯತೊಡಗಿದಳು. ಹತ್ತಕ್ಕೆ ಅಂಕ. ಅವಳ ತಕ್ಕಡಿಯೇ ಬೇರೆ. "ಸೇನಾಪತಿ ಕುತ್ತಿಗೆ ಒಂದೇ ಏಟಿಗೆ ಹಾರಿತಂತೆ. ಹಾರಲ್ಲ. ಎರಡು ಮೂಳೆಮಣಿ ನಡುವಿನ ಸಂದು ಸಿಗಬೇಕು. ಎರಡು ಅಂಕ ಕಡಿತ. ಡ್ರ್ಯಾಗನ್ ಚೆನ್ನಾಗಿದೆ." ಒಬ್ಬ ಪ್ರಕಾಶಕ ಉರಿದುಕೊಂಡು, "ಡ್ರ್ಯಾಗನ್ ಒಪ್ಕೊಂಡ್ರಿ, ಕುತ್ತಿಗೆ ಒಪ್ಪಲ್ವಾ?" ಎಂದು ಕೇಳಿದ. "ಡ್ರ್ಯಾಗನ್ ನಾನು ಕೊಯ್ದಿಲ್ಲ," ಎಂದು ಅಕ್ಕ ಉತ್ತರಿಸಿದಳು. ಓದುಗರು ಬಿದ್ದು ಬಿದ್ದು ನಕ್ಕರು, 'ಮೂಳೆ ಮೇಡಂ' ಎಂದು ಹೆಸರಿಟ್ಟರು. ಅವಳು ಎಂಟು ಅಂಕ ಕೊಟ್ಟರೆ ಪುಟ್ಟ ಪ್ರಕಾಶನಗಳಿಗೆ ಹಬ್ಬ. ಬಿಡುಗಡೆಗೆ ಮುಂಚೆಯೇ ಅವಳ ಫೋನಿಗೆ ಪುಸ್ತಕಗಳು ಬರತೊಡಗಿದವು. ಅಕ್ಕ ಈ ಜಂಬವನ್ನೆಲ್ಲ ಹೇಳಿಕೊಳ್ಳುತ್ತಿದ್ದದ್ದು ಒಬ್ಬಳ ಹತ್ತಿರ ಮಾತ್ರ, ತಂಗಿಯ ಹತ್ತಿರ.

ಹಾಗೆ ಬಂದದ್ದು 'ಕಿವುಡು ಅರಮನೆ'. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಇಬ್ಬರು ಹೆಂಗಸರು ನಡೆಸುವ ಪ್ರಕಾಶನ. ಬರೆದವರ ಹೆಸರಿನ ಜಾಗದಲ್ಲಿ ಬರೀ ಒಂದು ಗೆರೆ. ಆ ಅರಮನೆಯ ಗೋಡೆಗಳು ಸದ್ದನ್ನು ಕುಡಿಯುತ್ತವೆ. ರಾಜ ಹಗಲೆಲ್ಲ ಪ್ರಜೆಗಳ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸುತ್ತಾನೆ, ಬಾಗಿಲು ಹಾಕಿಕೊಂಡ ಮೇಲೆ ರಾಣಿಯನ್ನು ಬಡಿಯುತ್ತಾನೆ. ಒದ್ದೆ ಬಟ್ಟೆಯ ತುದಿಗೆ ಸಾಬೂನಿನ ಗಟ್ಟಿ ಕಟ್ಟಿ ಬೀಸುತ್ತಾನೆ, ಚರ್ಮ ಒಡೆಯಬಾರದಲ್ಲ. ಹೊಡೆದಾದ ಮೇಲೆ ತಾನೇ ಮಂಜುಗಡ್ಡೆ ತಂದು ಒತ್ತುತ್ತಾನೆ. ರಾಣಿ ಸೀನು ಬಂದರೆ ಮೂಗು ಹಿಡಿದುಕೊಳ್ಳುತ್ತಾಳೆ, ಯಾಕೆಂದರೆ ಮುರಿದ ಪಕ್ಕೆಗೆ ಒದೆಗಿಂತ ಸೀನು ಹೆಚ್ಚು ನೋವು.

ಅದನ್ನು ಬರೆದವಳು ಅಕ್ಕನ ತಂಗಿ. ಇದನ್ನು ಬಚ್ಚಿಟ್ಟು ನಿಮ್ಮನ್ನು ಆಟ ಆಡಿಸುವುದಕ್ಕೆ ನನಗೆ ಮನಸ್ಸಿಲ್ಲ. ಹಲ್ಲಿನ ದವಾಖಾನೆಯಲ್ಲಿ ಚೀಟಿ ಬರೆದುಕೊಡುವ ಕೆಲಸ ಅವಳದು. ಮಧ್ಯಾಹ್ನ ಡಾಕ್ಟರು ಮಲಗಿದಾಗ ಅಲ್ಲಿನ ಕಂಪ್ಯೂಟರಿನಲ್ಲಿ ಎರಡು ವರ್ಷ ಕೂತು ಬರೆದಿದ್ದಳು. ಮದುವೆಯಾಗಿ ನಾಲ್ಕು ವರ್ಷ, ಅವಳ ಫೋನನ್ನು ಗಂಡ ದಿನವೂ ತೆರೆದು ನೋಡುತ್ತಿದ್ದ. ಅವನು ಈಜು ಕಲಿಸುವ ಮೇಷ್ಟ್ರು, ಬೆಣ್ಣೆಯಂಥ ಮಾತಿನವನು. ಕಾಲೊನಿಯ ಮಕ್ಕಳೆಲ್ಲ ಅವನ ಬೆನ್ನಿಗೆ ಜೋತುಬೀಳುತ್ತಿದ್ದರು. ತಾನೇ ಆ ರಾಜ ಎಂದು ಅವನಿಗೆ ಗೊತ್ತಾದ ದಿನ ಅವಳನ್ನು ಉಳಿಸುವುದಿಲ್ಲ. ಇದು ಅವಳಿಗೆ ಗೊತ್ತಿತ್ತು. ಅಕ್ಕನಿಗೆ ಇದರಲ್ಲಿ ಎಳ್ಳಷ್ಟೂ ಗೊತ್ತಿರಲಿಲ್ಲ.

ಅಕ್ಕ ಪುಸ್ತಕವನ್ನು ಎರಡು ಸಲ ಓದಿ ಒಂಬತ್ತು ಅಂಕ ಕೊಟ್ಟಳು. ಅಷ್ಟು ಅವಳು ಯಾರಿಗೂ ಕೊಟ್ಟಿರಲಿಲ್ಲ. "ಏಟಿನ ವಿಷಯದಲ್ಲಿ ಒಂದು ಸುಳ್ಳೂ ಇಲ್ಲ. ಬರೆದವರು ಒದೆ ತಿಂದವರೇ ಇರಬೇಕು. ತಪ್ಪು ಒಂದೇ. ರಾಣಿ ತನ್ನ ಪಕ್ಕೆಲುಬು ಮುಟ್ಟಿ ಹದಿಮೂರು ಜೊತೆ ಅಂತ ಎಣಿಸ್ತಾಳೆ. ಮನುಷ್ಯರಿಗೆ ಹನ್ನೆರಡು. ಒಂದು ಅಂಕ ಕಡಿತ." ಎರಡೇ ದಿನದಲ್ಲಿ ಮುನ್ನೂರು ಜನ ಪುಸ್ತಕ ಕೊಂಡರು.

ಭಾನುವಾರ ತಂಗಿಯ ಮನೆಯಲ್ಲಿ ಊಟ. ಮೂರನೆಯ ಮಹಡಿ, ಎರಡು ಕೋಣೆ, ಉಜ್ಜಿ ಉಜ್ಜಿ ಸವೆದ ನೆಲ. ಅಕ್ಕ ಕೂತವಳೇ ಪುಸ್ತಕದ ಸುದ್ದಿ ಎತ್ತಿದಳು.

"ಏನು ಬರ್ದಿದಾರೆ ಅಂತೀಯ! ಆ ರಾಜ ಅನ್ನೋ ಹಡಬೆ..."

"ಅಕ್ಕ, ಊಟ ಆರ್ತಿದೆ," ಎಂದಳು ತಂಗಿ.

"ಆರ್ಲಿ ಬಿಡೇ. ಒದ್ದೆ ಬಟ್ಟೆಗೆ ಸಾಬೂನು ಕಟ್ಟಿ ಬೀಸ್ತಾನೆ. ನಾನು ಇಷ್ಟು ವರ್ಷ ಮಾಂಸ ಕುಯ್ದಿದೀನಿ, ನನಗೇ ಹೊಳೆದಿರ್ಲಿಲ್ಲ. ಮಾರ್ಕೇ ಬೀಳಲ್ಲ."

ತಂಗಿಯ ಗಂಡ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟ. "ಆಮೇಲೇನು ಮಾಡ್ತಾನೆ ಅಕ್ಕ?"

"ಆಮೇಲೆ ಅವನೇ ಐಸು ತಂದು ಇಡ್ತಾನೆ. ನಾಟಕದವನು."

"ಚೆನ್ನಾಗಿದೆ. ನಾನೂ ಓದ್ತೀನಿ. ಯಾವ ಪ್ರಕಾಶನ?"

ಜನ್ಮದಲ್ಲಿ ಒಂದು ಪುಸ್ತಕ ಮುಟ್ಟದವನು ಓದುತ್ತೇನೆ ಎಂದನಲ್ಲ, ಅಕ್ಕನಿಗೆ ಖುಷಿಯೋ ಖುಷಿ. ಹೆಸರು ಹೇಳಿದಳು, ಅಷ್ಟಕ್ಕೆ ನಿಲ್ಲದೆ ಕೊಂಡಿಯನ್ನು ಅವನ ಫೋನಿಗೇ ಕಳಿಸಿದಳು. ತಂಗಿ ನೀರಿನ ಲೋಟ ಎತ್ತಲು ಹೋಗಿ ಉರುಳಿಸಿದಳು. ನೆಲ ಒರೆಸುತ್ತ, ತಲೆ ಎತ್ತದೆ, "ಇವತ್ತು ಇಲ್ಲೇ ಇರು ಅಕ್ಕ," ಎಂದಳು.

"ನಾಳೆ ಐದಕ್ಕೆ ಪಾಳಿ ಕಣೇ."

"ಪಾಪ, ದುಡಿಯೋರು. ಹೋಗ್ಲಿ ಬಿಡು," ಎಂದು ಗಂಡ ಎದ್ದು, ಅಕ್ಕನ ಚಪ್ಪಲಿಯನ್ನು ತಾನೇ ಬಾಗಿಲ ಬಳಿ ತಂದಿಟ್ಟ. ಎಂಥ ಮರ್ಯಾದಸ್ಥ ಎಂದುಕೊಂಡು ಅಕ್ಕ ಮೆಟ್ಟಿಲು ಇಳಿದಳು.

ಬಸ್ ನಿಲ್ದಾಣದಲ್ಲಿ ಬಿಸಿಲು ಸುಡುತ್ತಿತ್ತು. ಅವಳ ಶಿಫಾರಸಿನ ಕೆಳಗೆ ಒಬ್ಬ ಓದುಗ ಕೇಳಿದ್ದ: "ಮೇಡಂ, ಬರೆದವರಿಗೆ ಈ ಹದಿಮೂರು ಎಲ್ಲಿಂದ ಸಿಕ್ಕಿರಬಹುದು?" ಅಕ್ಕ ಉತ್ತರ ಒತ್ತತೊಡಗಿದಳು. "ದನಕ್ಕೆ ಹದಿಮೂರು ಜೊತೆ. ನಮ್ಮಂಥ ಕಾರ್ಖಾನೆಯವರು ಯಾರೋ ತಪ್ಪು ಹೇಳಿಕೊಟ್ಟ..."

ಅಲ್ಲಿಗೆ ಹೆಬ್ಬೆರಳು ನಿಂತಿತು. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತ ವಿದ್ಯೆ ಮೆರೆಸಲು, ಆಗಿನ್ನೂ ಲಂಗ ತೊಡುವ ವಯಸ್ಸಿನ ತಂಗಿಯನ್ನು ಗೋಡೆಗೆ ಒರಗಿಸಿ, ಅವಳ ಪಕ್ಕೆಗೆ ಬೆರಳು ಚುಚ್ಚುತ್ತ ಎಣಿಸಿದ್ದಳು. "ಹದಿಮೂರು ಇರುತ್ತೆ ನೋಡು." "ಒಂದು ಕಮ್ಮಿ ಬರ್ತಿದೆ ಅಕ್ಕ." "ಒಳಗಡೆ ಇರುತ್ತೆ, ಸುಮ್ನಿರು." ಜಗತ್ತಿನಲ್ಲಿ ಆ ತಪ್ಪನ್ನು ಹೇಳಿಕೊಟ್ಟವಳು ಒಬ್ಬಳು, ಕಲಿತವಳು ಒಬ್ಬಳು.

ಬಸ್ಸು ಬಂದು ಬಾಗಿಲು ತೆರೆಯಿತು. ಅವಳು ತಿರುಗಿ ಓಡಿದಳು. ಮುರಿದು ಕೂಡಿದ ಮಂಡಿ ಒಂದೊಂದು ಹೆಜ್ಜೆಗೂ ಚೂರಿ ಹಾಕಿದಂತೆ ಕಿತ್ತುಕೊಳ್ಳುತ್ತಿತ್ತು. ಮೂರು ಮಹಡಿಯನ್ನು ಮೆಟ್ಟಿಲ ಕಂಬಿ ಹಿಡಿದು ಮೈಯನ್ನು ಎಳೆದುಕೊಂಡು ಹತ್ತಿದಳು. ಒಳಗಿನಿಂದ ಚಿಲಕ. ಟೀವಿಯಲ್ಲಿ ಆಟದ ಗದ್ದಲ ಕಿವಿ ಹರಿಯುವಷ್ಟು ಜೋರಾಗಿತ್ತು. ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಕಿತ್ತು ಬೀಗದ ಜಾಗಕ್ಕೆ ಅಪ್ಪಳಿಸಿದಳು. ಒಂದು, ಎರಡು, ಮೂರು. ಬಾಗಿಲ ಚೌಕಟ್ಟು ಸೀಳಿತು.

ಬಚ್ಚಲುಮನೆಯ ನೆಲದಲ್ಲಿ ತಂಗಿ ಮುದುಡಿಕೊಂಡು ಬಿದ್ದಿದ್ದಳು. ಬಾಯಿಂದ ರಕ್ತ, ಮೋರಿಯ ಬಳಿ ಒಂದು ಹಲ್ಲು. ವಾಷಿಂಗ್ ಮಶೀನಿನ ಮೇಲೆ ಅವನ ಫೋನು, ಅದರಲ್ಲಿ 'ಕಿವುಡು ಅರಮನೆ' ತೆರೆದಿತ್ತು. ಅವನು ಒಂದು ಸಾಲು ಓದುತ್ತಿದ್ದ, ಟವೆಲು ಬೀಸುತ್ತಿದ್ದ. "ಹಿಂಗಾ? ಹಿಂಗೇನಾ ಹೊಡೆಯೋದು ನಾನು? ಸರಿಯಾಗಿ ಬರ್ದಿದೀಯಾ?"

ಅಕ್ಕನನ್ನು ಕಂಡು ತಿರುಗಿ ಬೀಸಿದ. ಸಾಬೂನಿನ ಗಟ್ಟಿ ಅವಳ ಹುಬ್ಬಿಗೆ ಬಡಿದು ಮೂಳೆಯವರೆಗೆ ಒಡೆಯಿತು. ಎಡಗಣ್ಣಿಗೆ ರಕ್ತ ಇಳಿಯಿತು. ಎರಡನೆಯ ಏಟಿಗೆ ಕೈ ಎತ್ತಿದವನ ಮಣಿಕಟ್ಟನ್ನು ಅವಳು ಎಡಗೈಯಲ್ಲಿ ಹಿಡಿದಳು. ಹತ್ತೊಂಬತ್ತು ವರ್ಷ ಕೊಕ್ಕೆಯಿಂದ ದೇಹ ಇಳಿಸಿದ ಕೈ ಅದು. ಬಲ ಅಂಗೈಯನ್ನು ಅವನ ಕಂಕುಳಿಗೆ ಕೊಟ್ಟು, ಒಂದು ತಿರುವು, ಒಂದು ಎಳೆತ. ಭುಜ ಕಳಚಿತು. ಅವನು ಬಾಯಿ ಬಿಡುವ ಮೊದಲೇ ಮೊಣಕೈಯನ್ನು ತನ್ನ ತೊಡೆಗೆ ಅಡ್ಡ ಇಟ್ಟು ಹಿಂದಕ್ಕೆ ಮುರಿದಳು. ಒಂದು ಸಾಕಾಗಿತ್ತು. ಎರಡನೆಯದಕ್ಕೆ ನಾನು ನೆಪ ಹುಡುಕುವುದಿಲ್ಲ, ಅವಳೂ ಪೊಲೀಸರ ಮುಂದೆ ಹುಡುಕಲಿಲ್ಲ.

ಅವನು ಕಿರುಚಿದ. ಒಂದೇ ಕಿರುಚಾಟಕ್ಕೆ ಇಡೀ ಕಟ್ಟಡ ಮೆಟ್ಟಿಲು ಹತ್ತಿ ಬಂತು. "ಏನಾಯ್ತು ಮೇಷ್ಟ್ರೇ? ಯಾರು ಹೊಡೆದ್ರು ಮೇಷ್ಟ್ರೇ?" ಎಂದು ಎದುರುಮನೆಯ ಯಜಮಾನರು ಅವನ ಪಕ್ಕ ಕುಕ್ಕರಿಸಿದರು.

"ನಾಲ್ಕು ವರ್ಷದಿಂದ ಕಿವಿ ಎಲ್ಲಿ ಅಡ ಇಟ್ಟಿದ್ರಿ?" ಎಂದಳು ಅಕ್ಕ. ಒಬ್ಬಾಕೆ ಒಳಗೆ ಹೋಗಿ ಟೀವಿ ಆರಿಸಿದಳು. ಇನ್ನೊಬ್ಬರು ಆಂಬುಲೆನ್ಸಿಗೆ ಫೋನು ಮಾಡಿದರು.

ಅಕ್ಕ ಒದ್ದೆ ನೆಲದಲ್ಲೇ ಕೂತು ತಂಗಿಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಅವಳ ಹುಬ್ಬಿನ ರಕ್ತ ತಂಗಿಯ ಕೂದಲಿಗೆ ತೊಟ್ಟಿಕ್ಕುತ್ತಿತ್ತು. ಜೀವಮಾನದಲ್ಲಿ ಅಷ್ಟು ಅತ್ತವಳಲ್ಲ ಅಕ್ಕ.

"ನನಗೊಂದು ಮಾತು ಯಾಕೇ ಹೇಳ್ಲಿಲ್ಲ?"

"ಬಾಯಲ್ಲಿ ಹೇಳಕ್ಕೆ ಆಗ್ಲಿಲ್ಲ ಅಕ್ಕ." ಒಡೆದ ತುಟಿಯಲ್ಲಿ ಮಾತು ನಿಧಾನವಾಗಿ ಬರುತ್ತಿತ್ತು. "ಅದಕ್ಕೇ ಬರ್ದೆ. ಪ್ರಕಾಶನದ ಆ ಇಬ್ಬರ ಹತ್ರ ಒಂದೇ ಕೇಳ್ಕೊಂಡಿದ್ದು. ಬೇರೆ ಯಾರೂ ಓದದೇ ಇದ್ರೂ ಪರವಾಗಿಲ್ಲ, ಮೊದಲು ಮೂಳೆ ಮೇಡಂಗೆ ಕಳ್ಸಿ ಅಂತ. ನೀನು ಓದಿದ್ರೆ ಬಂದು ಕರ್ಕೊಂಡು ಹೋಗ್ತೀಯ ಅಂದ್ಕೊಂಡಿದ್ದೆ."

"ನಾನು ಅದನ್ನ ಕಥೆ ಅಂದ್ಕೊಂಡೆ ಕಣೇ," ಎಂದಳು ಅಕ್ಕ.