ಮಚ್ಚು, ಕುಡುಗೋಲು, ಕುರ್ಚಿಗಿ

ಮಚ್ಚು ಹಿಡಿದ ಗಂಡಸಿಗೆ ತಾನು ಭಾರಿ ಕೆಲಸ ಮಾಡುತ್ತಿದ್ದೇನೆಂಬ ಭ್ರಮೆ ಬಲು ಬೇಗ ಹತ್ತುತ್ತದೆ. ನನಗಂತೂ ಎರಡೇ ಏಟಿಗೆ ಹತ್ತಿತು.

ಅಹಮದಾಬಾದಿನ ನಮ್ಮ ಕ್ವಾರ್ಟರ್ಸಿನ ಹಿತ್ತಲು ಈ ಮಳೆಗಾಲದಲ್ಲಿ ಕಾಡಾಗಿತ್ತು. ಹೆಂಡತಿ ಸುಮಂಗಲಾ ಮಗಳ ಬಾಣಂತನಕ್ಕೆ ಹಾವೇರಿಗೆ ಹೋಗಿದ್ದಳು. ನಾನು ಗಿಡಕ್ಕೂ ಕಳೆಗೂ ಭೇದವೆಣಿಸದೆ ಗೊಬ್ಬರ ಹಾಕಿದ್ದೆ. ಅವಳು ಮರಳಿದ ವಾರವೇ ಕಚೇರಿಯವನೊಬ್ಬ ಬಂದು, ಹಳೇ ಕ್ವಾರ್ಟರ್ಸ್ ಕೆಡವುತ್ತಾರೆ, ತಿಂಗಳ ಕೊನೆಗೆ ಖಾಲಿ ಮಾಡಿ ಎಂದ. ಹಿತ್ತಲ ಕಡೆ ಕಣ್ಣು ಹಾಯಿಸಿ, “ಜಂಗಲ್ ಕೀ ಚಿಂತಾ ಮತ್ ಕೀಜಿಯೇ, ಬುಲ್ಡೋಜರ್ ಆಯೇಗಾ” ಎಂದು, ಕಾಡಿನ ಚಿಂತೆ ಬಿಡಿ ಎಂಬ ಸಮಾಧಾನವನ್ನೂ ಹೇಳಿದ. ಮನೆ ಹೋಗುವುದನ್ನು ಅವಳು ಹೇಗೋ ನುಂಗಿಕೊಂಡಳು. ಜಂಗಲ್ ಎಂದದ್ದು ಗಂಟಲಲ್ಲೇ ಉಳಿಯಿತು. ಈ ಮರಳುಮಣ್ಣಿನಲ್ಲಿ ಕರಿಬೇವು, ಬಸಳೆ, ದುಂಡುಮಲ್ಲಿಗೆ ಎಬ್ಬಿಸಿದವಳು ಅವಳು.

ಮರುದಿನ ಬೆಳಿಗ್ಗೆಯೇ ತವರಿನಿಂದ ತಂದಿದ್ದ, ಕಳೆ ಕೀಳುವ ಪುಟ್ಟ ಕುರ್ಚಿಗಿ ಹಿಡಿದು ಕೂತಳು. ನೆರವಿಗೆಂದು ನಾನು ಮಚ್ಚು ಬೀಸಿದೆ. ಮಲ್ಲಿಗೆಯ ಒಂದು ಕೊಂಬೆ ಹೋದ ಮೇಲೆ ಮಚ್ಚು ಕಿತ್ತುಕೊಂಡು ಕುಡುಗೋಲು ಕೊಟ್ಟಳು. ಬರೀ ತಲೆ ಕೊಯ್ದು ಬೇರು ಬಿಡುತ್ತೇನೆಂದು ಸ್ವಲ್ಪ ಹೊತ್ತಿಗೆ ಅದನ್ನೂ ಕಿತ್ತುಕೊಂಡಳು.

ಮಚ್ಚು ನಿಂತವರ ಆಯುಧ, ಕುಡುಗೋಲು ಬಗ್ಗಿದವರದು, ಕುರ್ಚಿಗಿ ಕೂತವರದು. ನಮ್ಮ ದೇವರುಗಳೆಲ್ಲ ಮೊದಲನೆಯ ಪಂಗಡದವರು. ಬಲರಾಮನೊಬ್ಬ ನೇಗಿಲವರೆಗೆ ಇಳಿದು ಬಂದ. ಕಳೆ ತೆಗೆಯಲು ಕೂತ ದೇವರನ್ನು ನಾನು ಯಾವ ಗುಡಿಯಲ್ಲೂ ಕಂಡಿಲ್ಲ. ಜೇಕು ಎಂಬ ಹಟಮಾರಿ ಹುಲ್ಲಿನ ಬೇರಿನ ಗಡ್ಡೆವರೆಗೆ ಕುರ್ಚಿಗಿಯ ತುದಿ ಇಳಿಸಿ, ಎತ್ತಿ, ಮಣ್ಣು ಕೊಡವಿ, ಬೇರು ಮೇಲಾಗಿ ಬಿಸಿಲಿಗೆ ಒಗೆಯಬೇಕು. ಇಷ್ಟು ತಾಳ್ಮೆ ದೇವರಿಗೆಲ್ಲಿ?

ನನಗೂ ಇರಲಿಲ್ಲ. “ಹೆಂಗೂ ಹಾಳಾಗೋ ತೋಟಕ್ಕ ಯಾಕ ಇಷ್ಟು ಒದ್ದಾಡ್ತೀ?” ಎಂದು ರೇಗಿದೆ.

ಅವಳು ತಲೆ ಎತ್ತಲಿಲ್ಲ. “ಕೆಡವಲಿ ಬಿಡ್ರಿ. ಕೆಡವೋದು ಅಡವಿ ಅಲ್ಲ, ತ್ವಾಟ ಅಂತ ಆ ಮನಶ್ಯಾಗ ಗೊತ್ತಾಗಬೇಕು.”

ಬುಲ್ಡೋಜರ್ ಬಂದ ದಿನ ಹಿತ್ತಲಲ್ಲಿ ಒಂದು ಕಳೆಯಿರಲಿಲ್ಲ. ಚಾಲಕ ಕೆಳಗಿಳಿದು ಒಂದು ಸುತ್ತು ಹಾಕಿ, “ಬಹು ಸರಸ್ ಬಗೀಚೋ ಛೇ, ಬೆನ್” ಎಂದ. ಬಹಳ ಚಂದದ ತೋಟವಮ್ಮ ಎಂದು ನಿಜವಾದ ಮರ್ಯಾದೆಯಿಂದಲೇ ಹೇಳಿದ. ಆಮೇಲೆ ಮೇಲೆ ಹತ್ತಿ ಎಂಜಿನ್ ಶುರು ಮಾಡಿದ. ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಎಲ್ಲ ಸಪಾಟಾಯಿತು. ನನಗೆ ಅವನ ಮೇಲೆ ಸಿಟ್ಟು ಬಂತು. ಗೊತ್ತಿಲ್ಲದೆ ಕೆಡವಿದ್ದರೆ ಕ್ಷಮಿಸಬಹುದಿತ್ತು.

ಸುಮಂಗಲಾ ಮಾತ್ರ ಕುರ್ಚಿಗಿ ತೊಳೆದು, ಒರೆಸಿ, ಎಣ್ಣೆ ಸವರಿ, ಹೊಸ ಮನೆಗೆ ಹೋಗುವ ಪೆಟ್ಟಿಗೆಯಲ್ಲಿ ಕೈಗೆ ಸಿಗುವಂತೆ ಮೇಲಿಟ್ಟಳು. ಹೊಸ ಮನೆ ಇರುವುದು ನಾಲ್ಕನೆಯ ಮಹಡಿಯಲ್ಲಿ. ಅಲ್ಲೆಲ್ಲಾದರೂ ಒಂದಿಷ್ಟು ಕಳೆ ಹುಟ್ಟಲಪ್ಪ ಎಂದು ನಾನು ಜನ್ಮದಲ್ಲಿ ಮೊದಲ ಸಲ ಹಾರೈಸಿದೆ.