ಅತ್ತೆಯ ಕೌದಿ, ನನ್ನ ಸೂಜಿ

ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡ ಗೆಳತಿಯರೇ, ಇವತ್ತು ನನ್ನ ಪರವಾಗಿ ಒಂದು ನಿಟ್ಟುಸಿರು ಬಿಡಿ.

ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಅತ್ತೆ ಕೈಯಲ್ಲೇ ಹೊಲಿದ ಕೌದಿ. ಅದರ ಅಂಚಿಗೆ ನನ್ನ ಹೊಸ ಮಿಷನ್ನಿನಲ್ಲಿ ಗಟ್ಟಿ ಹೊಲಿಗೆ ಹಾಕಲು ಬೆಳಿಗ್ಗೆಯೇ ಕೂತೆ. ದಪ್ಪ ಸೂಜಿಯನ್ನೇ ಹಾಕಿದ್ದೆ. ಕೊನೆಯ ಮೂಲೆಯವರೆಗೂ ಸಲೀಸಾಗಿ ಬಂತು. ಅಲ್ಲಿ ಟಕ್ಕೆಂದು ಸೂಜಿ ಮುರಿಯಿತು. ದಾರ ಬಿಗಿಯಾಯಿತೇನೋ ಎಂದು ಸಡಿಲಿಸಿದೆ. ಬಾಬಿನ್ ಬಿಚ್ಚಿ ನೂಲಿನ ಕಸ ತೆಗೆದೆ, ಎಣ್ಣೆ ಬಿಟ್ಟೆ. ಬೇರೆ ಸೂಜಿ ಹಾಕಿ ತುಳಿದೆ. ಅದೇ ಮೂಲೆ, ಅದೇ ಟಕ್.

ಬಾಗಿಲಲ್ಲಿ ನಿಂತಿದ್ದ ಅತ್ತೆ, "ನಿನ್ನ ಮಿಷನ್ ಭಾಳ ನಾಜೂಕ ಐತಿ ಬಿಡವಾ. ನನ್ನ ಕೈಸೂಜಿ ಒಂದರ ಮುರದೈತೇನು?" ಎಂದರು.

ಸಿಟ್ಟಿನಿಂದ ಮೂಲೆಯನ್ನು ಹಿಚುಕಿ ನೋಡಿದೆ. ಒಳಗೆ ಏನೋ ಗಟ್ಟಿಯಾಗಿ ಸಿಕ್ಕಿತು.

"ಇದರಾಗ ಏನಿಟ್ಟೀರ್ರಿ ಅತ್ತ್ಯಾರ?"

"ರೊಟ್ಟಿ ತುಣುಕವಾ. ಕೌದಿ ಹಸಕೊಂಡು ಇರಬಾರದಲ್ಲ. ಅದಕ್ಕ ಮುಗಸೂ ಮುಂದ ಮೂಲ್ಯಾಗ ಇಟ್ಟು ಹೊಲಿತೇವಿ. ನಿಮ್ಮವ್ವ ಹೇಳಿಲ್ಲೇನು?"

"ಮೊದಲ ಒಂದು ಮಾತು ಹೇಳಬಾರದಿತ್ತೇನ್ರಿ?"

"ನೀ ಎಲ್ಲಿ ಕೇಳಿದಿ?"

ಜೋಳದ ಕಡಕ್ ರೊಟ್ಟಿ ಒಣಗಿ ಕಲ್ಲಾಗಿತ್ತು. ಇನ್ನು ದಪ್ಪ ಸೂಜಿ ಬೇಕೆಂದರೆ ಸವದತ್ತಿ ಪೇಟೆಗೇ ಹೋಗಬೇಕು. ಹೊತ್ತು ಇಳಿಯುತ್ತಾ ಬಂತು, ನಾನಿನ್ನೂ ಉಂಡಿಲ್ಲ. ಉಣ್ಣು ಬಾ ಎಂದು ಕರೆದವರೂ ಇಲ್ಲ.

ಕೌದಿಯದಂತೂ ಊಟ ಆಗಿದೆ.